ಹಳೇ ಮನೆಯನ್ನು ಅದ್ದೂರಿಯಾಗಿ ಹೊಸದು ಮಾಡುವಾಗ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಏಳು ತಿಂಗಳಾಯ್ತು. ಮನೆ ಕಡೆ ಬಂದವರೆಲ್ಲ ಕೇಳುವುದು ಒಂದೇ, "ಎಲ್ಲಿಗೆ ಬಂತು ಕೆಲಸ?" ಮೊದಮೊದಲು ನಾನೂ ಟೈಲ್ಸು, ಬಣ್ಣ ಲೆಕ್ಕ ಹಾಕಿ ಅರ್ಧ ಆಯ್ತು, ಮುಕ್ಕಾಲು ಆಯ್ತು ಅನ್ನುತ್ತಿದ್ದೆ. ಈಗ ಆ ಲೆಕ್ಕ ಬಿಟ್ಟಿದ್ದೇನೆ. ಗೋಡೆಯೊಳಗೆ, ನೆಲದಡಿಗೆ, ಸೀಲಿಂಗ್ ಮೇಲೆ ಮುಚ್ಚಿಹೋಗುವ ಕೆಲಸ ಇರುತ್ತದಲ್ಲ, ಅದರಲ್ಲಿ ಎಷ್ಟನ್ನು ಪರೀಕ್ಷೆ ಮಾಡಿ ಮುಚ್ಚಿದ್ದೇವೆ ಅನ್ನೋದಷ್ಟೇ ನನ್ನ ಲೆಕ್ಕ. ಉಳಿದದ್ದು ದುಡ್ಡು ಕೊಟ್ಟರೆ ಯಾವಾಗ ಬೇಕಾದರೂ ಆಗುತ್ತದೆ.

ನಮ್ಮದು ಜಯನಗರದಲ್ಲಿ ಅಪ್ಪ 1978ರಲ್ಲಿ ಕಟ್ಟಿಸಿದ ಮನೆ. 40×60 ಸೈಟು, ಕೆಳಗೊಂದು ಮಹಡಿ, ಮೇಲೊಂದು. 9 ಇಂಚಿನ ಇಟ್ಟಿಗೆ ಗೋಡೆ, ಮೊಸಾಯಿಕ್ ನೆಲ, ತೇಗದ ಬಾಗಿಲು, ಎಲ್ಲ ಕಡೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಒಡೆದು ಕಟ್ಟೋಣ ಅಂದರೆ ಅಮ್ಮ ಒಪ್ಪಲಿಲ್ಲ. "ಗೋಡೆ ಏನು ತಪ್ಪು ಮಾಡಿದೆ?" ಅಂದರು. ಸರಿ, ಗೋಡೆ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಬದಲಾಯಿಸುವುದು ಅಂತಾಯ್ತು. ಇಟಾಲಿಯನ್ ಮಾರ್ಬಲ್, ಗೋಡೆಯೊಳಗೆ ಅಡಗಿಸುವ ನಲ್ಲಿ, ಮುಂಭಾಗಕ್ಕೆ ಕಲ್ಲು, ಹೊಸ ಅಡುಗೆಮನೆ, ಗಾರ್ಡನ್. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನಾವು ಹೋದ ದಾರಿ, ಎಡವಿದ ಜಾಗ ಎರಡನ್ನೂ ಹೇಳುತ್ತೇನೆ.

ಒಡೆಯುವ ಮೊದಲು

ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬರಬೇಕು. ಇಂಟೀರಿಯರ್ ಡಿಸೈನರ್ ಆಮೇಲೆ. ಎಪ್ಪತ್ತು ಎಂಬತ್ತರ ದಶಕದ ಎಷ್ಟೋ ಮನೆಗಳಲ್ಲಿ ಪಿಲ್ಲರ್ ಇರುವುದೇ ಇಲ್ಲ, ಗೋಡೆಯೇ ಮೋಲ್ಡ್ (ಕಾಂಕ್ರೀಟ್ ಛಾವಣಿ) ಹೊತ್ತಿರುತ್ತದೆ. ಡಿಸೈನರ್ ಸ್ಕ್ರೀನ್ ಮೇಲೆ ಹಾಲ್ ಮತ್ತು ಊಟದ ಮನೆ ಮಧ್ಯದ ಗೋಡೆ ಅಳಿಸಿ ತೋರಿಸುವುದಕ್ಕೆ ಎರಡು ನಿಮಿಷ ಸಾಕು, ಆದರೆ ಆ ಗೋಡೆ ತೆಗೆಯಬೇಕು ಅಂದರೆ ಮೇಲಿನ ಭಾರಕ್ಕೆ ಜಾಕಿ ಕೊಟ್ಟು, ಕಬ್ಬಿಣದ ಐ ಬೀಮ್ ಕೂರಿಸಿ, ಅದರ ಎರಡೂ ತುದಿಗೆ ಸರಿಯಾದ ಆಸರೆ ಕಟ್ಟಿ, ಆಮೇಲೆ ನಿಧಾನಕ್ಕೆ ಇಟ್ಟಿಗೆ ಬಿಚ್ಚಬೇಕು. ನಮ್ಮಲ್ಲಿ ಈ ಒಂದು ಗೋಡೆಗೇ ಮೂರು ವಾರ ಹಿಡಿಯಿತು. ನೋಡುವವರಿಗೆ ಕಾಣುವುದು ಖಾಲಿ ಜಾಗ ಮಾತ್ರ!

ಮೋಲ್ಡ್ ಕೆಳಗೆ ಗಾರೆ ಉಬ್ಬಿ ಕಬ್ಬಿಣ ಕಾಣುತ್ತಿದ್ದರೆ ಅದನ್ನು ಫಾಲ್ಸ್ ಸೀಲಿಂಗ್ ಹಾಕಿ ಮುಚ್ಚಬೇಡಿ. ತುಕ್ಕು ತೆಗೆದು, ಕಂಬಿಗೆ ಕೋಟಿಂಗ್ ಕೊಟ್ಟು, ರಿಪೇರಿ ಗಾರೆ ಹಾಕಿಸಿದ ಮೇಲೆಯೇ ಸೀಲಿಂಗ್. ಗೋಡೆ ತೆಗೆಯುವುದು, ಮಹಡಿ ಏರಿಸುವುದು ಇದ್ದರೆ ಪಾಲಿಕೆ ಅನುಮತಿ ಬೇಕಾ ಅಂತ ಎಂಜಿನಿಯರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಪಕ್ಕದ ಮನೆಯವರನ್ನು ಕೇಳಿ, ಅವರ ಗೋಡೆ, ಕಾಂಪೌಂಡ್ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಗೋಡೆ ಒಡೆಯುವ ಬ್ರೇಕರ್ ಮಶೀನು ಶುರುವಾದ ಎರಡನೇ ದಿನವೇ "ನಮ್ಮ ಗೋಡೆ ಬಿರುಕು ಬಿಟ್ಟಿದೆ" ಅಂತ ಮಾತು ಬರುತ್ತದೆ. ಫೋಟೋ ಇದ್ದರೆ ಜಗಳ ಇರುವುದಿಲ್ಲ. ಅವರ ಕಡೆ ನಿಜವಾಗಿ ಬಿರುಕು ಬಿಟ್ಟಿದ್ದರೆ ಮಾಡಿಸಿಕೊಡಲೂ ಅನುಕೂಲ.

ಕಾಲ ನೋಡಿಕೊಂಡು ಶುರು ಮಾಡಿ

ಬೆಂಗಳೂರಲ್ಲಿ ಮಳೆ ಜೂನ್‌ನಲ್ಲಿ ಬಂದು ಸುಮ್ನೆ ಹೋಗುವುದಿಲ್ಲ, ಸೆಪ್ಟೆಂಬರ್, ಅಕ್ಟೋಬರ್ ಇನ್ನೂ ಜಾಸ್ತಿ. ಹೊರಗಿನ ಕೆಲಸ, ಅಂದರೆ ತಾರಸಿ, ಹೊರಗೋಡೆ ಗಾರೆ, ಕಲ್ಲು, ಬಣ್ಣ, ಇವನ್ನೆಲ್ಲ ನವೆಂಬರ್ ಕೊನೆಯಿಂದ ಮೇ ಒಳಗೆ ಮುಗಿಸುವ ಹಾಗೆ ಹೊಂದಿಸಿಕೊಳ್ಳಿ. ಮಳೆಗಾಲದಲ್ಲಿ ಒಡೆಯುವ ಕೆಲಸ, ವೈರಿಂಗ್, ಪ್ಲಂಬಿಂಗ್ ನಡೆಯಲಿ.

ಕೆಲಸದವರ ಕ್ಯಾಲೆಂಡರ್ ಕೂಡ ನೋಡಬೇಕು. ಮಾರ್ಬಲ್ ಹಾಸುವವರು, ಪೀಠೋಪಕರಣ ಮಾಡುವ ಬಡಗಿಗಳು ನಮ್ಮ ಕಡೆ ಹೆಚ್ಚಾಗಿ ರಾಜಸ್ಥಾನದವರು. ದೀಪಾವಳಿಗೆ ಊರಿಗೆ ಹೋದರೆ ವಾಪಸ್ ಬರಲು ಮೂರು ವಾರ, ಕೆಲವೊಮ್ಮೆ ತಿಂಗಳು. ಗೃಹಪ್ರವೇಶದ ಮುಹೂರ್ತ ಕಾರ್ತಿಕದಲ್ಲಿ ಇಟ್ಟುಕೊಂಡು ಆಮೇಲೆ ಫೋನ್ ಮೇಲೆ ಫೋನ್ ಮಾಡುವವರನ್ನು ನೋಡಿದ್ದೇನೆ.

ಪೈಪು

ಇಲ್ಲಿ ಜಿಪುಣತನ ಬೇಡ. ನಮ್ಮ ಬಚ್ಚಲಿನ ಗೋಡೆ ಬಿಚ್ಚಿದಾಗ ಪ್ಲಂಬರ್ ಮುಕ್ಕಾಲು ಇಂಚಿನ ಒಂದು ಜಿಐ ಪೈಪು ಕತ್ತರಿಸಿ ನನ್ನ ಕೈಗೆ ಕೊಟ್ಟ. "ನೋಡಿ ಸಾರ್, ಇದರಲ್ಲಿ ಪೆನ್ಸಿಲ್ ತೂರಿಸಿ." ತೂರಲಿಲ್ಲ. ಒಳಗೆಲ್ಲ ತುಕ್ಕು ಗಂಟುಗಂಟಾಗಿ ಕಟ್ಟಿಕೊಂಡಿತ್ತು, ಮಧ್ಯೆ ಕಡ್ಡಿಯಷ್ಟು ತೂತು. ಹತ್ತು ವರ್ಷದಿಂದ ನೀರು ಕಮ್ಮಿ ಬರುತ್ತಿದೆ ಅಂತ ನಾವು ಟ್ಯಾಂಕ್ ಮೇಲೆ, ಪಂಪಿನ ಮೇಲೆ ಸಿಟ್ಟು ಮಾಡಿಕೊಂಡಿದ್ದೆವು! ಆ ತುಂಡು ಇನ್ನೂ ನನ್ನ ಮೇಜಿನ ಮೇಲಿದೆ.

ಒಳಗಿನ ನೀರಿಗೆ ಬಿಸಿ ತಡೆಯುವ ಸಿಪಿವಿಸಿ, ಹೊರಗಿನ ತಣ್ಣೀರಿಗೆ ಯುಪಿವಿಸಿ, ಎರಡೂ ಪ್ಲಾಸ್ಟಿಕ್ ಪೈಪುಗಳೇ, ಹಾಕಿಸಿದೆವು. ಆದರೆ ಪೈಪಿಗಿಂತ ಮುಖ್ಯ ಪ್ರೆಶರ್. ದೊಡ್ಡ ರೈನ್ ಶವರ್ ಅಂಗಡಿಯಲ್ಲಿ ನೋಡಲು ಚೆಂದ, ಅಲ್ವಾ? ಟ್ಯಾಂಕಿನಿಂದ 10 ಮೀಟರ್ ಕೆಳಗೆ ಬಂದರೆ ಮಾತ್ರ ನೀರಿಗೆ ಸುಮಾರು ಒಂದು ಬಾರ್ ಪ್ರೆಶರ್ ಸಿಗುತ್ತದೆ. ಮೇಲಿನ ಮಹಡಿಯ ಬಚ್ಚಲಿಗೂ ತಾರಸಿ ಟ್ಯಾಂಕಿಗೂ ಎರಡು ಮೂರು ಮೀಟರ್ ಅಷ್ಟೇ ಅಂತರ, ಅಂದರೆ ಕಾಲು ಬಾರ್ ಆಸುಪಾಸು. ಅಷ್ಟಕ್ಕೆ ಆ ಶವರ್ ತೊಟ್ಟಿಕ್ಕುತ್ತದೆ. ಹಾಗಾಗಿ ಪ್ರೆಶರ್ ಪಂಪ್, ಅದಕ್ಕೆ ಬೇರೆ ಲೈನು, ಪವರ್ ಪಾಯಿಂಟು, ಅದರ ಸದ್ದು ಮಲಗುವ ಕೋಣೆಗೆ ಕೇಳದ ಜಾಗ, ಇಷ್ಟನ್ನೂ ಈಗಲೇ ತೀರ್ಮಾನ ಮಾಡಿ.

ಗೋಡೆಯೊಳಗೆ ಕೂರುವ ಡೈವರ್ಟರ್ (ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವುದು), ಕಮೋಡಿನ ಫ್ಲಶ್ ಟ್ಯಾಂಕ್, ಇವುಗಳ ಬಾಡಿ ಗೋಡೆ ಮುಚ್ಚುವ ಮೊದಲೇ ಕೈಯಲ್ಲಿ ಇರಬೇಕು. "ಆಮೇಲೆ ಮಾಡೆಲ್ ಆರಿಸೋಣ" ಅನ್ನುವುದಕ್ಕೆ ಆಗುವುದಿಲ್ಲ, ಒಂದೊಂದು ಕಂಪನಿಯದ್ದು ಒಂದೊಂದು ಆಳ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಫ್ಲಶ್ ಟ್ಯಾಂಕ್ ಹಿಡಿಸುವುದು ಕಷ್ಟ. ಅದರ ಮುಂದೆ ಫ್ರೇಮ್ ನಿಲ್ಲಿಸಿ ಬೇರೆ ಗೋಡೆ ಎಬ್ಬಿಸಬೇಕು, ಬಚ್ಚಲು ಅಷ್ಟು ಚಿಕ್ಕದಾಗುತ್ತದೆ.

ಮುಚ್ಚುವ ಮೊದಲು ಕೈ ಪಂಪಿನಿಂದ ಲೈನಿನಲ್ಲಿ ನೀರು ತುಂಬಿ, ನಿಮ್ಮ ಪಂಪು ಕೊಡುವ ಪ್ರೆಶರ್‌ಗಿಂತ ಒಂದೂವರೆ ಪಟ್ಟು ಏರಿಸಿ ರಾತ್ರಿ ಬಿಡಿ. ಬೆಳಗ್ಗೆ ಮೀಟರ್ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಕರೆಂಟು

ಮೊದಲು ಸೀಮೆಸುಣ್ಣ ತಗೊಂಡು ಖಾಲಿ ನೆಲದ ಮೇಲೆ ಮಂಚ, ಸೋಫಾ, ಊಟದ ಟೇಬಲ್ ಎಲ್ಲ ಅಳತೆಗೆ ಬರೆಯಿರಿ. ಬರೆದ ಮೇಲೆ ಅಲ್ಲಿ ನಿಂತು, ಫೋನ್ ಎಲ್ಲಿ ಚಾರ್ಜ್ ಮಾಡುತ್ತೀರಿ, ರಾತ್ರಿ ಯಾವ ಕೈಗೆ ಸ್ವಿಚ್ ಸಿಗಬೇಕು ಅಂತ ನೋಡಿ. ಅಮ್ಮ ಅಡುಗೆಮನೆಯಲ್ಲಿ ನಿಂತು ಕೇಳಿದ ಮೊದಲ ಪ್ರಶ್ನೆ, "ಅಲ್ಲ ಕಣೋ, ಗ್ರೈಂಡರ್ ಎಲ್ಲಿಡಲಿ?" ಇಪ್ಪತ್ತು ಪುಟದ ಡ್ರಾಯಿಂಗ್‌ನಲ್ಲಿ ಕಾಫಿ ಮಶೀನಿಗೆ ಜಾಗ ಇತ್ತು, ಗ್ರೈಂಡರ್‌ಗೆ ಇರಲಿಲ್ಲ.

ಲೈಟಿಗೆ 1.5, ಪವರ್ ಪಾಯಿಂಟಿಗೆ 2.5, ಎಸಿ, ಗೀಸರ್‌ಗೆ 4 ಚದರ ಮಿಲಿಮೀಟರ್ ತಾಮ್ರದ ವೈರು, ಇದು ಸಾಮಾನ್ಯವಾಗಿ ಎಲ್ಲರೂ ಹಾಕುವ ಲೆಕ್ಕ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಟ್ ಮಾಡುವ ಸ್ವಿಚ್) ಬೇಕೇ ಬೇಕು, ಹೊಸ ಅರ್ಥಿಂಗ್ ಗುಂಡಿ ಬೇಕೇ ಬೇಕು. ಎಸಿ ನಾಲ್ಕು, ಇಂಡಕ್ಷನ್, ಕಾರ್ ಚಾರ್ಜರ್ ಎಲ್ಲ ಸೇರಿದರೆ ಹಳೇ ಸಿಂಗಲ್ ಫೇಸ್ ಸಾಲುವುದಿಲ್ಲ. ಕಾರಿನ ಚಾರ್ಜರ್ ಒಂದೇ 7 ಕಿಲೋವಾಟ್ ದಾಟಬಹುದು. ಬೆಸ್ಕಾಂಗೆ ಲೋಡ್ ಜಾಸ್ತಿ ಮಾಡಿಕೊಡಿ ಅಂತ ಅರ್ಜಿ ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ.

ಗಾರೆ ಮೆತ್ತುವ ಹಿಂದಿನ ದಿನ ಪ್ರತಿ ಗೋಡೆಗೂ ಟೇಪ್ ಹಿಡಿದು ವಿಡಿಯೋ ಮಾಡಿ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಬಾಯಲ್ಲಿ ಹೇಳುತ್ತಾ ಹೋಗಿ. ಎಲೆಕ್ಟ್ರಿಷಿಯನ್ ನಕ್ಕ, "ಇದನ್ನೆಲ್ಲ ಯಾರು ನೋಡ್ತಾರೆ ಸಾರ್?" ಮೂರು ತಿಂಗಳ ಮೇಲೆ ಕನ್ನಡಿ ಹಾಕಲು ಡ್ರಿಲ್ ಹಿಡಿದು ನಿಂತವನು ಅವನೇ. ಅವನೇ ಆ ವಿಡಿಯೋ ಕೇಳಿದ.

ನೀರು ಸೋರದ ಹಾಗೆ

ಬಚ್ಚಲಿನ ನೆಲಕ್ಕೆ, ಗೋಡೆಯ ಕೆಳಭಾಗಕ್ಕೆ, ಶವರ್ ಇರುವ ಕಡೆ ಪೂರ್ತಿ ಎತ್ತರಕ್ಕೆ ವಾಟರ್‌ಪ್ರೂಫಿಂಗ್ ಬಳಿಸಿ. ಆಮೇಲೆ ನೀರು ಹೊರಗೆ ಹೋಗುವ ತೂತು ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗಿನ ಮೋಲ್ಡ್ ನೋಡಿ. ಪ್ಲಂಬರ್‌ಗೂ ಟೈಲ್ಸ್‌ನವನಿಗೂ ಈ ಎರಡು ದಿನ ಇಷ್ಟವಾಗುವುದಿಲ್ಲ. ಬೇಕಾದರೆ ಆ ಎರಡು ದಿನದ ಕೂಲಿ ಕೊಟ್ಟುಬಿಡಿ, ಟೆಸ್ಟ್ ಬಿಡಬೇಡಿ. ನಮ್ಮ ನಾಲ್ಕು ಬಚ್ಚಲಲ್ಲಿ ಒಂದು ಸೋರಿತು. ಪೈಪು ಮೋಲ್ಡ್ ದಾಟುವ ಜಾಗದಲ್ಲಿ ಸುತ್ತ ತುಂಬಿದ್ದ ಗಾರೆ ಬಿರುಕು ಬಿಟ್ಟಿತ್ತು. ಟೈಲ್ಸ್ ಹಾಕಿದ ಮೇಲೆ ಗೊತ್ತಾಗಿದ್ದರೆ ಅಷ್ಟನ್ನೂ ಕೀಳಬೇಕಿತ್ತು.

ತಾರಸಿಗೂ ಇದೇ. ಹಳೇ ಹೆಂಚು, ಸುರ್ಕಿ (ಇಟ್ಟಿಗೆ ಪುಡಿಯ ಗಾರೆ) ಎಲ್ಲ ತೆಗೆದು ಇಳಿಜಾರು ಸರಿ ಮಾಡಿಸಿದೆವು, 100 ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಇರಬೇಕು. ಆ ನೀರನ್ನು ಸುಮ್ನೆ ರಸ್ತೆಗೆ ಬಿಡಬೇಡಿ. ಬೆಂಗಳೂರು ಜಲಮಂಡಳಿಯ 2009ರ ನಿಯಮದ ಪ್ರಕಾರ 40×60 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೇ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. 1,000 ಚದರಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯದ್ದೇ ಮಳೆನೀರು ಕೊಯ್ಲು ಪಾರ್ಕ್ ಇದೆ, ಮಾದರಿಗಳನ್ನು ಕಣ್ಣಾರೆ ನೋಡಬಹುದು. ಮಳೆ ಪೈಪು, ಫಿಲ್ಟರ್, ಸಂಪ್‌ಗೆ ಹೋಗುವ ಲೈನು, ಇವೆಲ್ಲ ಗಾರ್ಡನ್ ಮಾಡುವ ಮೊದಲೇ ನೆಲದೊಳಗೆ ಹೋಗಬೇಕು.

ನೆಲ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ದುಡ್ಡೂ ಇಲ್ಲೇ ಜಾಸ್ತಿ, ತಪ್ಪೂ ಇಲ್ಲೇ ಜಾಸ್ತಿ.

ಹಳೇ ನೆಲದ ಮೇಲೇ ಹೊಸದು ಹಾಸೋಣ, ಒಡೆಯುವ ಖರ್ಚು ಉಳಿಯುತ್ತದೆ ಅಂತ ಮೇಸ್ತ್ರಿ ಹೇಳುತ್ತಾನೆ. ಮೇಲಿನ ಮಹಡಿಯಲ್ಲಿ ಬೇಡ. 18 ಮಿಲಿಮೀಟರ್ ಮಾರ್ಬಲ್ ಚದರಡಿಗೆ ಸುಮಾರು ನಾಲ್ಕೂವರೆ ಕೆಜಿ, ಕೆಳಗೆ ಒಂದೂವರೆ ಇಂಚು ಗಾರೆ ಅಂದರೆ ಇನ್ನೊಂದು ಏಳು ಕೆಜಿ. 200 ಚದರಡಿ ಕೋಣೆಗೆ ಸುಮಾರು 2.3 ಟನ್. ಹಳೇ ಮೋಲ್ಡ್ ಮೇಲೆ ಅಷ್ಟು ಭಾರವನ್ನು ಸುಮ್ಮನೆ ಹೊರಿಸುವುದು ಸರಿಯಲ್ಲ.

ಒಂದೊಂದು ಕೋಣೆಗೆ ಒಂದೊಂದು ಥರ ಹಾಸುವುದಾದರೆ, ಮರ, ಮಾರ್ಬಲ್, ಟೈಲ್ಸ್, ಪ್ರತಿಯೊಂದರ ದಪ್ಪ ಬೇರೆ. ಅದಕ್ಕೇ ಮೊದಲು ಲೇಸರ್ ಇಟ್ಟು ಮನೆ ಪೂರ್ತಿ ಗೋಡೆ ಮೇಲೆ ಒಂದು ಮೀಟರ್ ಗೆರೆ ಹಾಕಿಸಿ. ಎಲ್ಲ ಅಳತೆ ಆ ಗೆರೆಯಿಂದ ಕೆಳಗೆ. ಹೊಸಲು, ಮೆಟ್ಟಿಲಿನ ಮೊದಲ ಹೆಜ್ಜೆ, ಬಚ್ಚಲಿನ ಇಳಿತ ಎಲ್ಲ ಆಗ ಹೊಂದಿಕೊಳ್ಳುತ್ತದೆ.

ಮಾರ್ಬಲ್ ತರಲು ಜಿಗಣಿ ಕಡೆ ಹೋದರೆ ಬೆಳಗ್ಗೆ ಹೋಗಿ, ಬಿಸಿಲಲ್ಲಿ ನೋಡಿ. ಚಪ್ಪಡಿ ಮೇಲೆ ನೀರು ಚೆಲ್ಲಿ ಒಣಗಲು ಬಿಟ್ಟರೆ, ಬಿರುಕಿದ್ದ ಕಡೆ ಒದ್ದೆ ಗೆರೆ ಉಳಿದುಕೊಳ್ಳುತ್ತದೆ. ಚಪ್ಪಡಿಗಳಿಗೆ ನಂಬರ್ ಬರೆಸಿ, ಮನೆಗೆ ಬಂದ ಮೇಲೆ ಗಾರೆ ಹಾಕುವ ಮೊದಲು ಸುಮ್ನೆ ನೆಲದ ಮೇಲೆ ಜೋಡಿಸಿ ನೋಡಿ. ಗೆರೆಗಳು ಒಂದಕ್ಕೊಂದು ಹೊಂದುವ ಹಾಗೆ ಜೋಡಿಸಲು ನಮಗೆ ಹಾಲ್ ಒಂದಕ್ಕೇ ಒಂದು ದಿನ ಹೋಯಿತು. ತಿಳಿ ಬಣ್ಣದ ಕಲ್ಲಿಗೆ ಬಿಳಿ ಸಿಮೆಂಟೇ ಆಗಬೇಕು.

ಮಾರ್ಬಲ್‌ಗೆ ಹುಳಿ ಆಗುವುದಿಲ್ಲ. ನಿಂಬೆರಸ, ಹುಣಸೆಹಣ್ಣು ಬಿದ್ದರೆ ಹೊಳಪು ಹೋಗಿ ಮಂಕು ಕಲೆ ಆಗುತ್ತದೆ. ಅರಿಸಿನ, ಕುಂಕುಮ, ದೀಪದ ಎಣ್ಣೆ ಬಿದ್ದರೆ ಒಳಗೆ ಇಳಿದು ಕೂತುಬಿಡುತ್ತದೆ. ಹುಳಿ, ಸಾರು ಇಲ್ಲದ ಅಡುಗೆಮನೆ ನಮ್ಮಲ್ಲಿ ಎಲ್ಲಿದೆ? ಹಾಗಾಗಿ ಅಡುಗೆ ಕಟ್ಟೆಗೆ ಕಪ್ಪು ಗ್ರಾನೈಟ್. ಡಿಸೈನರ್ ಕ್ವಾರ್ಟ್ಸ್ ಅಂದರು, ಆದರೆ ಅದರಲ್ಲಿ ರೆಸಿನ್ ಇರುತ್ತದೆ, ಒಲೆಯಿಂದ ಇಳಿಸಿದ ಬಾಣಲೆ ಹಾಗೇ ಇಟ್ಟರೆ ಕಲೆ ಬೀಳಬಹುದು. ದೇವರ ಮನೆಯ ನೆಲ ಮಾತ್ರ ನಾವು ಮುಟ್ಟಲಿಲ್ಲ. ಅಲ್ಲಿದ್ದ ಕೆಂಪು ರೆಡ್ ಆಕ್ಸೈಡ್ ಉಜ್ಜಿಸಿದೆವು ಅಷ್ಟೇ. ಮನೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುವ ನೆಲ ಅದೇ, ಇಷ್ಟೊಂದು ಖರ್ಚು ಮಾಡಿದವನು ಹೇಳಬಾರದು, ಆದರೂ ನಿಜ.

ಈಗ ನಮ್ಮ ಎಡವಟ್ಟು. ಮಾರ್ಬಲ್ ಪಾಲಿಶ್ ಮಾಡುವಾಗ ಹಾಲಿನಂಥ ಬಿಳಿ ಕೆಸರು ಬರುತ್ತದೆ. ಕೆಲಸದ ಹುಡುಗರು ಮೂರು ದಿನ ಅದನ್ನು ಗುಡಿಸಿ ಗುಡಿಸಿ ಹೊಸ ಬಚ್ಚಲಿನ ತೂತಿಗೆ ಬಿಟ್ಟಿದ್ದಾರೆ. ನಾಲ್ಕನೇ ದಿನ ನೀರು ಹೋಗಲಿಲ್ಲ. ಚೇಂಬರ್ ಮುಚ್ಚಳ ತೆಗೆದರೆ ಒಳಗೆ ಕಲ್ಲು! ಹೊಸ ಪೈಪಿನ ಎಂಟು ಅಡಿ ಕತ್ತರಿಸಿ ಬದಲಾಯಿಸಬೇಕಾಯಿತು. ಪಾಲಿಶ್ ಶುರುವಾಗುವ ಮೊದಲು ಎಲ್ಲ ತೂತಿಗೂ ಬಟ್ಟೆ ತುರುಕಿ ಟೇಪ್ ಹಚ್ಚಿ, ಕೆಸರನ್ನು ಡ್ರಮ್ಮಿಗೆ ತುಂಬಿಸಿ ಅಂತ ಕಾಂಟ್ರಾಕ್ಟಿನಲ್ಲೇ ಬರೆಸಿ.

ಪಾಲಿಶ್ ಎರಡು ಸಲ ಮಾಡಿಸಬೇಕು. ಹಾಸಿ ಮೂರು ವಾರ ಒಣಗಿದ ಮೇಲೆ ಒಂದು ಸುತ್ತು, ಕೊನೆಯ ಸುತ್ತು ಬಡಗಿ ಮತ್ತು ಬಣ್ಣದವರು ಹೋದ ಮೇಲೆ. ಮಧ್ಯದಲ್ಲಿ ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ ಅದರ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬಳಿಸಿಬಿಡಿ. ನೋಡಲು ಅಸಹ್ಯ, ಆದರೆ ಸುತ್ತಿಗೆ ಬಿದ್ದರೂ ನೆಲ ಉಳಿಯುತ್ತದೆ.

ಮರ

ಹಳೇ ತೇಗದ ಬಾಗಿಲುಗಳನ್ನು ಗುಜರಿಗೆ ಕೊಡಬೇಡಿ. ಒಡೆಯುವ ಕಾಂಟ್ರಾಕ್ಟ್ ಕೇಳುವವರು ರೇಟು ಕಮ್ಮಿ ಹೇಳುವುದೇ ಈ ಮರದ ಮೇಲೆ ಕಣ್ಣಿಟ್ಟು. ನಮ್ಮ ಬಾಗಿಲಿನ ಮೇಲೆ ನಾಲ್ಕು ಪದರ ಎನಾಮೆಲ್ ಪೇಂಟ್ ಇತ್ತು. ಬಿಸಿ ಮಾಡಿ ಕೆರೆದರೆ ಒಳಗೆ ಜೇನಿನ ಬಣ್ಣದ ಮರ. ಎರಡು ಬಾಗಿಲು ಹಾಗೇ ಉಳಿಸಿಕೊಂಡೆವು, ಮಿಕ್ಕಿದ್ದು ಉಯ್ಯಾಲೆಯ ಹಲಗೆ ಮತ್ತು ಮೆಟ್ಟಿಲಿನ ರೇಲಿಂಗ್ ಆಯ್ತು. ಸಾಲದ್ದಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡಿಗೆ ಹೋದೆವು. ಅಲ್ಲಿ ಮರ ಒಣಗಿದೆಯಾ ಅಂತ ಮೀಟರ್ ಇಟ್ಟು ನೋಡಿಸಿ, ತೇವ 12 ಶೇಕಡಾ ಮೀರಿದ್ದರೆ ಆಮೇಲೆ ಸೊಟ್ಟಗಾಗುತ್ತದೆ.

ಅಡುಗೆಮನೆ ಮತ್ತು ಬಚ್ಚಲಿನ ಪೀಠೋಪಕರಣಕ್ಕೆ ನೀರು ತಡೆಯುವ, ಐಎಸ್ 710 ಮುದ್ರೆಯ ಪ್ಲೈವುಡ್ ಬಂತಾ ಅಂತ ಲಾರಿ ಇಳಿಸುವಾಗಲೇ ನೋಡಿ. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೆ ಏನಿದೆ ಅಂತ ದೇವರಿಗೇ ಗೊತ್ತು. ಅಂದ ಹಾಗೆ ಹೊಸ ಗಾರೆಗೆ 28 ದಿನ ಆಗುವ ಮೊದಲು ಪುಟ್ಟಿ, ಬಣ್ಣ ಮಾಡಿಸಬೇಡಿ.

ಹೊರಗೆ

ಹೊರಗಿನ ಕೆಲಸಕ್ಕೆ ಎರಡು ಸಲ ಕೈ ಹಾಕಬೇಕು. ನೆಲದೊಳಗಿನದ್ದು ಮೊದಲೇ: ಒಳಚರಂಡಿ, ಚೇಂಬರ್, ಗೇಟಿನ ಮೋಟಾರಿಗೆ ಮತ್ತು ಗಾರ್ಡನ್ ಲೈಟಿಗೆ ಕೊಳವೆ. ನೆಲದ ಮೇಲಿನದ್ದು ಎಲ್ಲಕ್ಕಿಂತ ಕೊನೆಗೆ, ಯಾಕಂದರೆ ಮಾರ್ಬಲ್ ಲಾರಿ, ಡೆಬ್ರಿ ಟ್ರ್ಯಾಕ್ಟರ್ ಎಲ್ಲ ಹತ್ತಿ ಇಳಿಯುವುದು ಅದರ ಮೇಲೆಯೇ. ಹಳೇ ಚರಂಡಿ ಮಣ್ಣಿನ ಪೈಪಿನದ್ದಾಗಿದ್ದರೆ ಯೋಚನೆ ಮಾಡದೆ ಬದಲಾಯಿಸಿ. ನಮ್ಮಲ್ಲಿ ಸಂಪಿಗೆ ಮರದ ಬೇರು ಜಾಯಿಂಟ್ ಒಳಗೆ ನುಗ್ಗಿ ಜಡೆಯ ಹಾಗೆ ಬೆಳೆದಿತ್ತು.

ಮುಂಭಾಗಕ್ಕೆ ಸಾದರಹಳ್ಳಿ ಕಲ್ಲು ಹಾಕಿಸುತ್ತಿದ್ದೇವೆ. ದೇವನಹಳ್ಳಿ ಕಡೆಯ ಬೂದು ಕಲ್ಲು, ಬೆಂಗಳೂರು ಬಿಸಿಲಿಗೂ ಮಳೆಗೂ ಹೊಂದುತ್ತದೆ. ಎತ್ತರದಲ್ಲಿ ಹಾಕುವ ಕಲ್ಲಿಗೆ ಬರೀ ಅಂಟು ನಂಬಬೇಡಿ, ಸ್ಟೇನ್‌ಲೆಸ್ ಸ್ಟೀಲ್ ಕ್ಲ್ಯಾಂಪ್ ಬೇಕು. ಕಿಟಕಿ ಮೇಲೆ ಚಾಚಿರುವ ಸಜ್ಜಾ ಹಲಗೆಯ ಕೆಳ ಅಂಚಿಗೆ ಒಂದು ಸಣ್ಣ ಗೀರು ಹೊಡೆಸಿ, ಇಲ್ಲದಿದ್ದರೆ ನೀರು ಕಲ್ಲಿನ ಮೇಲೆ ಇಳಿದು ಕಪ್ಪು ಗೆರೆ ಬೀಳುತ್ತದೆ. ಪಶ್ಚಿಮದ ಗೋಡೆಗೆ ಮರದ ಪಟ್ಟಿ ಬೇಡ, ಎರಡೇ ಬೇಸಗೆಗೆ ಬಣ್ಣ ಹೋಗುತ್ತದೆ. ಕಾರು ನಿಲ್ಲಿಸುವ ಜಾಗಕ್ಕೆ ಕಲ್ಲು ಬಿಡಿಬಿಡಿಯಾಗಿ ಹಾಸಿ, ಮಧ್ಯೆ ಹುಲ್ಲು ಬಿಟ್ಟರೆ ನೀರು ಇಂಗುತ್ತದೆ.

ದುಡ್ಡು

ತಿಂಗಳ ಲೆಕ್ಕದಲ್ಲಿ ಕೊಡಬೇಡಿ, ಹಂತದ ಲೆಕ್ಕದಲ್ಲಿ ಕೊಡಿ. ಹಂತ ಅಂದರೆ "ಪ್ಲಂಬಿಂಗ್ ಆಯ್ತು" ಅಂತಲ್ಲ, "ಪ್ರೆಶರ್ ಟೆಸ್ಟ್ ಪಾಸಾಯ್ತು" ಅಂತ. "ವಾಟರ್‌ಪ್ರೂಫಿಂಗ್ ಆಯ್ತು" ಅಂತಲ್ಲ, "48 ಗಂಟೆ ನೀರು ನಿಂತಿತು, ಕೆಳಗೆ ಒಣಗಿತ್ತು" ಅಂತ. ಕೂಲಿಯವರಿಗೆ ಶನಿವಾರದ ಬಟವಾಡೆ ಮಾತ್ರ ಯಾವತ್ತೂ ತಪ್ಪಿಸಬೇಡಿ. ಕಾಂಟ್ರಾಕ್ಟರ್ ಜೊತೆ ಜಗಳ ಇದ್ದರೂ ಅವರ ಕೂಲಿ ನಿಲ್ಲಬಾರದು.

ಒಂದು ಆರ್ಥಿಕ ವರ್ಷದಲ್ಲಿ ಒಬ್ಬನೇ ಕಾಂಟ್ರಾಕ್ಟರ್‌ಗೆ 50 ಲಕ್ಷ ದಾಟಿ ಕೊಟ್ಟರೆ ಮನೆಯವರೇ ಟಿಡಿಎಸ್ (ಕೊಡುವ ದುಡ್ಡಿನಲ್ಲೇ ಹಿಡಿಯುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ತುಂಬಾ ಜನಕ್ಕೆ ಇದು ಗೊತ್ತಿರುವುದಿಲ್ಲ, ನನಗೂ ಆಡಿಟರ್ ಹೇಳಿದ ಮೇಲೆಯೇ ಗೊತ್ತಾಗಿದ್ದು. ಇಂಟೀರಿಯರ್ ಬಿಲ್‌ಗೆ 18 ಶೇಕಡಾ ಜಿಎಸ್‌ಟಿ ಬೇರೆ ಇರುತ್ತದೆ, ಎಸ್ಟಿಮೇಟ್‌ನಲ್ಲಿ ಅದು ಸೇರಿದೆಯಾ ಅಂತ ಮೊದಲ ದಿನವೇ ಕೇಳಿ. ಒಟ್ಟು ದುಡ್ಡಿನಲ್ಲಿ ಐದರಿಂದ ಹತ್ತು ಶೇಕಡಾ ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳುವ ಮಾತನ್ನೂ ಆಗಲೇ ಆಡಿಬಿಡಿ.

ಸದ್ಯಕ್ಕೆ ನಮ್ಮ ಕಥೆ: ಒಳಗೆ ಮುಚ್ಚುವ ಕೆಲಸ ಎಲ್ಲ ಟೆಸ್ಟ್ ಆಗಿ ಮುಚ್ಚಿದೆ. ನೆಲದ ಮೇಲೆ ಪಿಒಪಿ ಇದೆ. ಮುಂಭಾಗದ ಕಲ್ಲು ಸಜ್ಜಾ ತನಕ ಬಂದಿದೆ. ಗೇಟು ಇಲ್ಲ, ತಗಡು ನಿಲ್ಲಿಸಿದ್ದೇವೆ. ಅಮ್ಮನ ಗ್ರೈಂಡರ್‌ಗೆ ಪಾಯಿಂಟು ಬಂದಿದೆ, ಮೊನ್ನೆ ಬಂದು ಸ್ವಿಚ್ ಒತ್ತಿ ನೋಡಿ ಹೋದರು.